ಅಪ್‌ಡೇಟ್: ಏಲರಾನ್ ಹಿಂಜ್ ಕೊನೆಗೂ ಗಟ್ಟಿಯಾಗಿ ಕೂತಿತು

ಹೋದ ತಿಂಗಳು ಕೇಳಿದ್ದೆ: ನನ್ನ ಬಾಲ್ಸಾ (ಹಗುರ ಮರ) ಟ್ರೇನರ್ ಮಾದರಿ ವಿಮಾನದ ಏಲರಾನ್ (ರೆಕ್ಕೆಯ ಹಿಂಬದಿ ಅಂಚಿನಲ್ಲಿ ಮೇಲೆ-ಕೆಳಗೆ ಆಡುವ ಪಟ್ಟಿ) ಕಿತ್ತು ಬರುತ್ತಿದೆ, ಸಿಎ ಹಿಂಜ್ (ಮರದ ಸೀಳಿಗೆ ತೂರಿಸಿ ಸಿಎ, ಅಂದರೆ ಸೂಪರ್ ಗ್ಲೂ ಬಗೆಯ ಅಂಟು, ಕುಡಿಸುವ ತೆಳು ತುಂಡು) ಹಾಕಲೋ, ನೈಲಾನ್ ಪಿನ್ ಹಿಂಜ್ (ನಡುವೆ ಕೀಲಿರುವ ಪ್ಲಾಸ್ಟಿಕ್ ಹಿಂಜ್) ಹಾಕಲೋ ಅಂತ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಬಿಚ್ಚಿ ನೋಡಿದರೆ ತಪ್ಪು ಹಿಂಜ್‌ನದಲ್ಲ, ನನ್ನದೇ. ದಪ್ಪ ಸಿಎ ಅಂಟು ಹಾಕಿದ್ದೆ. ಅದು ಸೀಳಿನ ಬಾಯಲ್ಲೇ ಗಟ್ಟಿಯಾಗಿತ್ತು. ಒಳಗೆ ಒಂದು ಹನಿಯೂ ಇಳಿದಿರಲಿಲ್ಲ!

ಹಾಗಾಗಿ ಮತ್ತೆ ಸಿಎ ಹಿಂಜನ್ನೇ ಹಾಕಿದೆ. ಈ ಸಲ ಪ್ರತಿ ಸೀಳಿನ ನಡುವೆ 2.5 ಮಿ.ಮೀ. ತೂತು ಕೊರೆದೆ, ಅಂಟು ಒಳಗಿಳಿಯಲು ಅದೇ ದಾರಿ. ಹಿಂಜ್ ನಡುವೆ ಗುಂಡುಸೂಜಿ ಚುಚ್ಚಿದ್ದರಿಂದ ಎರಡೂ ಕಡೆ ಸಮನಾಗಿ ಕೂತಿತು. ಆಮೇಲೆ ಸೂಜಿ ತೆಗೆದು, ಏಲರಾನ್ ಬಗ್ಗಿಸಿ ಹಿಡಿದು, ತೆಳು ಸಿಎ ಐದಾರು ಹನಿ. ಮಗುಚಿ ಇನ್ನೊಂದು ಬದಿಗೂ ಅಷ್ಟೇ. ಬೇಗ ಒಣಗಿಸುವ ಸ್ಪ್ರೇ ಮುಟ್ಟಲಿಲ್ಲ. ಅದನ್ನು ಹೊಡೆದರೆ ಅಂಟು ಹರಿಯುವ ಮುಂಚೆಯೇ ಗಟ್ಟಿಯಾಗಿಬಿಡುತ್ತದೆ ಅಲ್ವಾ?

ಮಾರನೇ ದಿನ ಜೋರಾಗಿ ಎಳೆದೆ. ಎದೆ ಡವಡವ ಅಂದಿದ್ದು ನಿಜ, ಹಿಂಜ್ ಮಾತ್ರ ಜಗ್ಗಲಿಲ್ಲ. ಸಂದಿಯೂ ಕಾಗದದಷ್ಟೇ.

ಪಿನ್ ಹಿಂಜ್‌ನ ಕೀಲಿಗೆ ಅಂಟು ಹಿಡಿಯದಂತೆ ವ್ಯಾಸಲೀನ್ ಹಚ್ಚಿ ಆಮೇಲೆ ಎಪಾಕ್ಸಿ ಅಂಟು ಹಾಕುವ ಉಪಾಯವನ್ನು ಮುಂದಿನ ದೊಡ್ಡ ವಿಮಾನಕ್ಕೆ ಇಟ್ಟುಕೊಂಡಿದ್ದೇನೆ. ಈಗ ರಡ್ಡರ್ (ಬಾಲದಲ್ಲಿ ಎಡಬಲಕ್ಕೆ ಆಡುವ ಪಟ್ಟಿ) ಹಿಂಜೂ ಬಿಚ್ಚಬೇಕು. ಅದಕ್ಕೂ ಅದೇ ದಪ್ಪ ಅಂಟು ಸುರಿದಿದ್ದೆ.