ಓದುಗರ ಸ್ಪಂದನ: ಫ್ಯಾನ್ ಆರಿಸಿದರೆ ಸಾಲ ತೀರುತ್ತಾ?

ಕಳೆದ ಸಂಚಿಕೆಯ ಸಮಸ್ಯೆ

ನಾವು ಧಾರವಾಡದವರು. ಮನೆಯವರ ಅಂಗಡಿ ಮುಚ್ಚಿ ನಾಲ್ಕೂವರೆ ಲಕ್ಷ ಸಾಲ ಉಳಿದಿದೆ. ಸೊಸೈಟಿಯದ್ದು ಒಂದೂವರೆ ಲಕ್ಷ, ಫೈನಾನ್ಸ್‌ನದ್ದು 1 ಲಕ್ಷ 20 ಸಾವಿರ, ಕ್ರೆಡಿಟ್ ಕಾರ್ಡ್ 80 ಸಾವಿರ, ನಮ್ಮ ಅಣ್ಣ ಬಡ್ಡಿ ಇಲ್ಲದೆ ಕೊಟ್ಟ ಕೈಗಡ ಒಂದು ಲಕ್ಷ. ಈಗ ಮನೆಯವರಿಗೆ 24 ಸಾವಿರ ಸಂಬಳ. ಎರಡೇ ವರ್ಷದಲ್ಲಿ ತೀರಿಸುತ್ತೇನೆ ಅಂತ ಹಟ ಹಿಡಿದಿದ್ದಾರೆ. ಹಾಲು ಬಂದ್. ಫ್ರಿಜ್ ಬಂದ್. ರಾತ್ರಿ ಫ್ಯಾನ್ ಆರಿಸುತ್ತಾರೆ. ತಮ್ಮ ಬಿಪಿ ಮಾತ್ರೆಯನ್ನೂ ದಿನ ಬಿಟ್ಟು ದಿನ ತಗೊಳ್ತಾರೆ. ಏಳನೇ ಕ್ಲಾಸಿನ ಮಗಳನ್ನು ಶಾಲೆಯ ಪ್ರವಾಸಕ್ಕೂ ಕಳಿಸಲಿಲ್ಲ. ನನ್ನ ನಾಲ್ಕು ಬಂಗಾರದ ಬಳೆ ಮಾತ್ರ ಮುಟ್ಟಲ್ಲ, 'ಅದು ನಿಂದು' ಅಂತಾರೆ. ಕೆಟ್ಟವರಲ್ಲ. ಆದರೆ ಮನೆಯಲ್ಲಿ ಉಸಿರು ಕಟ್ಟುತ್ತಿದೆ. ಏನು ಮಾಡಲಿ?

* * *

ತಂಗಿ, ಸೊಸೈಟಿಯೊಂದರಲ್ಲಿ 31 ವರ್ಷ ಲೆಕ್ಕ ಬರೆದವನು ನಾನು. ನಿಮ್ಮ ಪತ್ರ ಓದಿ ಮೊದಲು ಪೆನ್ನು ತೆಗೆದೆ. ನಾಲ್ಕೂವರೆ ಲಕ್ಷವನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ 18,750. ಇದು ಬರೀ ಅಸಲು. ಸಂಬಳದಲ್ಲಿ ಉಳಿಯುವುದು 5,250. ಅದರಲ್ಲೇ ಬಡ್ಡಿ ಕಟ್ಟಬೇಕು, ಮೂರು ಹೊಟ್ಟೆ ತುಂಬಬೇಕು. ಆಗದ ಮಾತು. ಹಾಲಲ್ಲ, ನೀರು ಬಿಟ್ಟರೂ ಆಗಲ್ಲ. ನಾಲ್ಕು ವರ್ಷ ಅಂತ ಇಟ್ಟುಕೊಳ್ಳಿ, ಮನೆಗೆ ಗಾಳಿ ಬರುತ್ತೆ.

ಇನ್ನೊಂದು, ನಾಲ್ಕೂ ಸಾಲವನ್ನು ಒಂದೇ ತಕ್ಕಡಿಗೆ ಹಾಕಬೇಡಿ. ಅಣ್ಣನ ದುಡ್ಡು ಕಾಯುತ್ತೆ. ಕಾರ್ಡ್ ಕಾಯಲ್ಲ. ಅದಕ್ಕೆ ಸಾಮಾನ್ಯವಾಗಿ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಹಾಕ್ತಾರೆ. 80 ಸಾವಿರಕ್ಕೆ 2,800 ಆಯ್ತು. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ. ಒಟ್ಟು 3,304. 'ಮಿನಿಮಮ್' ಅಂತ ನಾಲ್ಕು ಸಾವಿರ ಕಟ್ಟಿ ಬಂದರೆ ಅಸಲಿಗೆ ಸೇರೋದು 696 ರೂಪಾಯಿ! ದಿನಾ ಅರ್ಧ ಲೀಟರ್ ಹಾಲು ಬಿಟ್ಟು ಉಳಿಸಿದ್ದೂ ಹೆಚ್ಚುಕಡಿಮೆ ಅಷ್ಟೇ.

ಬಳೆ ಮುಟ್ಟಬೇಕಾದ ಹೊತ್ತು ಇದೇ. ಮಾರಬೇಡಿ, ಬ್ಯಾಂಕಿನಲ್ಲಿ ಅಡವಿಡಿ. ಅಲ್ಲಿ ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಆಸುಪಾಸು. ಆ ದುಡ್ಡಲ್ಲಿ ಕಾರ್ಡಿನ ಸಾಲ ಪೂರ್ತಿ ಕಟ್ಟಿ, ಕಾರ್ಡ್ ಬಂದ್ ಮಾಡಿಸಿ, ಕತ್ತರಿಸಿ ಹಾಕಿ. ತಿಂಗಳಿಗೆ ಎರಡೂವರೆ ಸಾವಿರ ಅಲ್ಲೇ ಉಳಿಯಿತು. ಅದು ಅವರ ಹೆಸರಿನ ಸಾಲ, ಬಳೆ ನಿಮ್ಮದು ಅಂತ ಅವರು ಹಿಂಜರಿಯಬಹುದು. ನೀವೇ ತೆಗೆದು ಕೈಗಿಡಿ.

ಫೈನಾನ್ಸ್‌ನದ್ದು ಮೈಕ್ರೋಫೈನಾನ್ಸ್ ಸಾಲ ಆಗಿದ್ದರೆ, ಅವಧಿಗೆ ಮೊದಲೇ ತೀರಿಸಿದರೂ ದಂಡ ಹಾಕುವಂತಿಲ್ಲ. ವಸೂಲಿಯವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವಂತೆಯೂ ಇಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮ ಅದು. ಹೇಳಿದರೆ ಸುಮ್ಮನಾಗ್ತಾರೆ.

– ನಿವೃತ್ತ ಗುಮಾಸ್ತ, ಹಾವೇರಿ

* * *

ಅಕ್ಕಾ, ಮೊದಲು ಕರೆಂಟ್ ಬಿಲ್ ತೆಗೆದು ನೋಡ್ರಿ. ಶೂನ್ಯ ಬರ್ತಿದೆಯಾ? ಹಾಗಿದ್ದರೆ ಯಜಮಾನರು ರಾತ್ರಿಯೆಲ್ಲ ಬೆವರಿ ಉಳಿಸಿದ್ದೂ ಶೂನ್ಯವೇ. ಗೃಹಜ್ಯೋತಿಯಲ್ಲಿ ಹಳೇ ಬಳಕೆಯ ಸರಾಸರಿ ನೋಡಿ, ಅದರ ಮೇಲೆ ಸ್ವಲ್ಪ ಸೇರಿಸಿ ಯೂನಿಟ್ ಕೊಟ್ಟಿದ್ದಾರೆ. 200 ದಾಟಬಾರದು ಅಷ್ಟೇ. ನಿಮಗೆ ಕೊಟ್ಟ ಯೂನಿಟ್ಟಿನೊಳಗೆ ಫ್ಯಾನ್ ತಿರುಗಿದರೂ ಒಂದೇ, ನಿಂತರೂ ಒಂದೇ. ನಮ್ಮವರಿಗೆ ಇದನ್ನು ತೋರಿಸಿದಾಗ ಬಿಲ್ ಹಿಡ್ಕೊಂಡು ಐದು ನಿಮಿಷ ಸುಮ್ನೆ ಕೂತರು. ಆಮೇಲೆ ಎದ್ದು ಫ್ಯಾನ್ ಹಾಕಿದರು.

ನಾವೂ ಮೂರು ವರ್ಷ ಹೀಗೇ ಕಳೆದವರು. ಭಾನುವಾರ ಒಮ್ಮೆ ಹಂಚು ಕಾದರೆ ಐವತ್ತು ರೊಟ್ಟಿ ಬಡಿದೇ ಇಳಿಸುತ್ತಿದ್ದೆ. ಬೆಂದ ರೊಟ್ಟಿಯನ್ನು ಒಲೆ ಸುತ್ತ ಒರಗಿಸಿ ನಿಲ್ಲಿಸಿದರೆ ಆ ಕಾವಿಗೇ ಕಡಕ್ ಆಗುತ್ತವೆ. ಬಿಳಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿಟ್ಟರೆ ವಾರವೆಲ್ಲ ಗ್ಯಾಸ್ ಹಚ್ಚೋದು ಪಲ್ಯಕ್ಕೆ, ಅನ್ನಕ್ಕೆ ಮಾತ್ರ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಡಬ್ಬಿ ತುಂಬಿರುತ್ತಿತ್ತು. ಬಂದ ನೆಂಟರಿಗೆ ನಾವು ಕಷ್ಟದಲ್ಲಿದ್ದೇವೆ ಅಂತ ಗೊತ್ತೇ ಆಗಲಿಲ್ಲ, ಹೊಟ್ಟೆ ತುಂಬ ಉಂಡು ಹೋದರು! ಕಾಯಿಪಲ್ಯಕ್ಕೆ ಕತ್ತಲಾದ ಮೇಲೆ ಹೋಗಿ. ಗಂಟು ಕಟ್ಟುವ ಹೊತ್ತಿಗೆ ಮೆಂತೆ ಸಿವುಡು ಎರಡರ ದುಡ್ಡಿಗೆ ಮೂರು ಕೊಡ್ತಾರೆ. ಮೂರನೇದು ಸ್ವಲ್ಪ ಬಾಡಿರುತ್ತೆ, ನೀರು ಚಿಮುಕಿಸಿದರೆ ಏಳುತ್ತೆ. ಬಸ್ ಚಾರ್ಜ್ ಹೇಗೂ 2023ರ ಜೂನ್‌ನಿಂದ ನಮಗಿಲ್ಲ.

ಆದರೆ ಹುಡುಗಿಗೆ ಒಂದು ಲೋಟ ಹಾಲು ಮತ್ತೆ ಶುರು ಮಾಡಿ. ಅದನ್ನು ಅವರಿಗೆ ಕೇಳಲೂ ಹೋಗಬೇಡಿ.

– ಗೃಹಿಣಿ, ಹುಬ್ಬಳ್ಳಿ

* * *

ಎಲ್ಲರೂ ಆ ಮನುಷ್ಯನಿಗೇ ಬುದ್ಧಿ ಹೇಳ್ತೀರಿ ಅಂತ ಗೊತ್ತು. ಸಾಲ ಮಾಡಿ ರಾತ್ರೋರಾತ್ರಿ ಊರು ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಹಾಲು ಬಿಟ್ಟು ತೀರಿಸುವವರನ್ನು ಕಂಡಿದ್ದು ಕಡಿಮೆ. ಹಟ ಇರಲಿ ಬಿಡಿ. ಬಳೆ ಮುಟ್ಟದ ಗಂಡ ಸಿಕ್ಕಿದ್ದಾನಲ್ಲ, ಅದು ಸಣ್ಣದಲ್ಲ.

– ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

* * *

ಮೇಡಂ, ಮಾತ್ರೆ ವಿಷಯ ಒಂದೇ ಹೇಳ್ತೀನಿ. ನಮ್ಮಣ್ಣನೂ ಬಿಪಿ ಮಾತ್ರೆ ಹೀಗೇ ಉಳಿಸಿದ. ತಿಂಗಳಿಗೆ ಇನ್ನೂರು ಉಳೀತು. ಎಂಟನೇ ತಿಂಗಳು ಬಚ್ಚಲಲ್ಲಿ ಬಿದ್ದ. ಎಡಗೈ ಈಗಲೂ ಮೇಲೆ ಏಳಲ್ಲ. ಆಸ್ಪತ್ರೆಗೆ ಅಂತ ನಾವು ಮಾಡಿದ ಸಾಲ 1 ಲಕ್ಷ 40 ಸಾವಿರ, ಇನ್ನೂ ಕಟ್ತಾ ಇದ್ದೇನೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆ ಪುಕ್ಕಟೆ ಕೊಡ್ತಾರೆ. ಅಲ್ಲಿ ಸಿಗದಿದ್ದರೆ ಜನೌಷಧಿ ಅಂಗಡಿಗೆ ಚೀಟಿ ಹಿಡ್ಕೊಂಡು ಹೋಗಿ, ರೇಟ್ ಕಡಿಮೆ ಇರುತ್ತೆ. ಇವತ್ತೇ ಹೋಗಿ.

– ಆಟೋ ಚಾಲಕ, ಹಳೇ ಹುಬ್ಬಳ್ಳಿ

* * *

ನಾನು ಆ ಮಗಳ ಪರವಾಗಿ ಬರೆಯುತ್ತಿದ್ದೇನೆ. ನಮ್ಮಪ್ಪನದೂ ಇದೇ ಕತೆ. ಹಳೇ ನೋಟ್‌ಬುಕ್ಕುಗಳ ಖಾಲಿ ಹಾಳೆ ಕಿತ್ತು, ದಬ್ಬಣದಿಂದ ಹೊಲಿದು ಹೊಸ ಪುಸ್ತಕ ಮಾಡಿಕೊಡುತ್ತಿದ್ದರು. ಒಂದು ಪುಟಕ್ಕೆ ಎರಡು ಗೆರೆ, ಮುಂದಿನದಕ್ಕೆ ನಾಲ್ಕು ಗೆರೆ, ಅದರ ಮುಂದೆ ಗಣಿತದ ಚೌಕಳಿ. ಚೋಟು ಪೆನ್ಸಿಲ್‌ಗೆ ಖಾಲಿ ಪೆನ್ನಿನ ಕೊಳವೆ ಸಿಕ್ಕಿಸೋರು. ಇದಕ್ಕೆಲ್ಲ ನನಗೆ ಬೇಜಾರಿರಲಿಲ್ಲ. ಆ ಪುಸ್ತಕ ಕ್ಲಾಸಿನಲ್ಲಿ ತೋರಿಸಿ ಮೆರೆದಿದ್ದೂ ಇದೆ. ನೋವಾಗಿದ್ದು ಹಂಪಿ ಪ್ರವಾಸಕ್ಕೆ ಬೇಡ ಅಂದಾಗ. ದುಡ್ಡಿಲ್ಲ ಅಂತ ಅನ್ನಲಿಲ್ಲ. 'ಹಂಪ್ಯಾಗ ಏನದ? ಬರೇ ಕಲ್ಲು' ಅಂದರು. ಮನೆಯಲ್ಲಿ ಸಾಲ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಗೆಳತಿಯರಿಗೆ ಜ್ವರ ಅಂತ ಸುಳ್ಳು ಹೇಳಿದೆ. ಅಪ್ಪನಿಗೆ ನಾನಂದ್ರೆ ಆಗಲ್ಲ ಅಂತ ಎರಡು ವರ್ಷ ನಂಬಿಕೊಂಡಿದ್ದೆ.

ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಅವ್ವ ಎಲ್ಲ ಹೇಳಿದಳು. ಆಮೇಲೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಸಾಲದ ಮೊತ್ತ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದೆವು. ಪ್ರತಿ ತಿಂಗಳು ಹಳೇದು ಹೊಡೆದು ಹೊಸದು ಬರೆಯೋ ಕೆಲಸ ನನ್ನದು. ಒಂದು ತಿಂಗಳು ಒಂದು ರೂಪಾಯಿಯೂ ಇಳಿಯಲಿಲ್ಲ. ಅಪ್ಪ ಮುಖ ಸಣ್ಣ ಮಾಡಿಕೊಂಡು ನಿಂತಿದ್ದರು. 'ಇರ್ಲಿ ಬಿಡಪ್ಪಾ, ಏರಿಲ್ಲಲ್ಲ' ಅಂದೆ. ಎಷ್ಟೋ ದಿನದ ಮೇಲೆ ನಕ್ಕರು.

ನಿಮ್ಮ ಹುಡುಗಿಗೆ ಕೂಡೋದು ಕಳೆಯೋದು ನಿಮಗಿಂತ ಚೆನ್ನಾಗಿ ಬರುತ್ತೆ. ಹಾಳೆ ಅಂಟಿಸಿ, ಪೆನ್ನು ಅವಳ ಕೈಗೆ ಕೊಡಿ. ಮುಂದಿನ ವರ್ಷದ ಪ್ರವಾಸಕ್ಕೆ ದಿನಕ್ಕೆ ಐದು ರೂಪಾಯಿ ಈಗಿನಿಂದಲೇ ಡಬ್ಬಿಗೆ ಹಾಕುತ್ತಾ ಬನ್ನಿ.

– ಓದುಗಿ, ಗದಗ