‘ಸೆಟ್’ ಅನ್ನು ‘ಬದಲಿಸು’ ಅನ್ನಬಹುದೇ?

ಶಿವಮೊಗ್ಗ, ಸಾಗರ ಕಡೆಯ ಕಾಲೇಜು ವಿದ್ಯಾರ್ಥಿಗಳಿಗಾಗಿ ತಯಾರಾಗುತ್ತಿರುವ ಲಿನಕ್ಸ್ ಕೈಪಿಡಿಯ ಕರಡಿನಲ್ಲಿ, ಸೆಟ್ಟಿಂಗ್ ಕಡತಗಳಿಗೆ ‘ಕೀಲಿ=ಮೌಲ್ಯ’ ಸಾಲುಗಳನ್ನು ಬರೆಯುವ ‘ಕ್ರುಡಿನಿ --ಸೆಟ್’ ಆಜ್ಞೆಗೆ ‘ಮೌಲ್ಯ ಬದಲಿಸು’ ಎಂದೂ, ಆ ಕಡತಗಳಲ್ಲಿ ಒಂದು ಹೆಸರಿನಡಿ ಬರುವ ಸಾಲುಗಳ ಗುಂಪಾದ ‘ಸೆಕ್ಷನ್’ಗೆ ‘ಅಂಕಣ’ ಎಂದೂ ಬರೆದಿದೆ. ಎರಡೂ ಸರಿಯೇ ಎಂಬುದು ಪ್ರಶ್ನೆ.

‘ಬದಲಿಸು’ ಬೇಡ. ಬದಲಿಸಬೇಕಾದರೆ ಹಳೆಯದೊಂದು ಇರಬೇಕಲ್ಲ. ಕ್ರುಡಿನಿಗೆ ಆ ಹಂಗಿಲ್ಲ. ಕೀಲಿ ಇದ್ದರೆ ಮೌಲ್ಯ ತಿದ್ದುತ್ತದೆ, ಇಲ್ಲದಿದ್ದರೆ ಹೊಸ ಸಾಲು ಸೇರಿಸುತ್ತದೆ, ಸೆಕ್ಷನ್ನೇ ಇಲ್ಲದಿದ್ದರೆ ಅದನ್ನೂ ಹುಟ್ಟಿಸುತ್ತದೆ. ಸೆಕ್ಷನ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಆ ತಪ್ಪು ಹೆಸರಿನಲ್ಲೇ ಕಡತದ ಕೊನೆಗೆ ಹೊಸ ಸೆಕ್ಷನ್ ಬಂದು ಕೂರುತ್ತದೆ, ಎರರ್ ಮಾತ್ರ ಬರುವುದಿಲ್ಲ. ‘ಬದಲಿಸು’ ಎಂದು ಓದಿದ ವಿದ್ಯಾರ್ಥಿ ಈ ತಪ್ಪನ್ನು ಹುಡುಕುವುದೇ ಇಲ್ಲ. ಇಲ್ಲದ ಕೀಲಿಗೆ ಎರರ್ ಬರಲೇಬೇಕೆಂದರೆ ‘--ಎಕ್ಸಿಸ್ಟಿಂಗ್’ ಸೇರಿಸಬೇಕು. ‘ಬದಲಿಸು’ ಒಪ್ಪುವುದು ಆಗಷ್ಟೇ. ಬರೀ ‘--ಸೆಟ್’ಗೆ ‘ನಮೂದಿಸು’ ಇರಲಿ. ಮೊದಲೇ ಇದ್ದರೂ ಇಲ್ಲದಿದ್ದರೂ ಅದು ಸಲ್ಲುತ್ತದೆ.

‘ಬದಲಿಸು’ ನಿಜಕ್ಕೂ ಸೇರಬೇಕಾದದ್ದು, ಪಠ್ಯದಲ್ಲಿ ಹುಡುಕಿ ಬದಲಿಸುವ ‘ಸೆಡ್’ ಆಜ್ಞೆಯ ಪಾಠಕ್ಕೆ. ಅದು ನೋಡುವುದು ಅಕ್ಷರಗಳನ್ನು, ಸೆಕ್ಷನ್ನನ್ನಲ್ಲ. ಹೆಚ್ಚುವರಿ ಪ್ಯಾಕೇಜುಗಳ ಭಂಡಾರವಾದ ಎಪೆಲ್‌ನ ಸೆಟ್ಟಿಂಗ್ ಇರುವ ಎಪೆಲ್.ರೆಪೊ ಕಡತವನ್ನೇ ತೆಗೆದುಕೊಳ್ಳಿ. ಎಪೆಲ್-ಡೀಬಗ್‌ಇನ್ಫೋ, ಎಪೆಲ್-ಸೋರ್ಸ್ ಎಂಬ ಎರಡು ಸೆಕ್ಷನ್‌ಗಳಲ್ಲೂ ‘ಎನೇಬಲ್ಡ್=0’ ಇರುತ್ತದೆ. ಸೋರ್ಸ್ ಒಂದೇ ಬೇಕೆಂದು ಸೆಡ್‌ನಲ್ಲಿ 0 ತೆಗೆದು 1 ಮಾಡಿದರೆ ಎರಡೂ ಚಾಲೂ ಆಗುತ್ತವೆ. ಆ ಸಾಲೇ ಇಲ್ಲದಿದ್ದರೆ ಸೆಡ್ ಏನೂ ಮಾಡದೆ, ಎಲ್ಲ ಸರಿಯಾಯಿತೆಂಬಂತೆ ಸೊನ್ನೆ ಕೋಡ್ ಕೊಟ್ಟು ಮುಗಿಸುತ್ತದೆ. ಕ್ರುಡಿನಿಗೆ ಕಡತ, ಸೆಕ್ಷನ್, ಕೀಲಿ, ಮೌಲ್ಯ ಈ ನಾಲ್ಕನ್ನೂ ಇದೇ ಕ್ರಮದಲ್ಲಿ ಕೊಡುವುದರಿಂದ ಆ ಗೊಂದಲವಿಲ್ಲ.

‘ಅಂಕಣ’ದ ಆಸೆ ಅರ್ಥವಾಗುತ್ತದೆ. ಕಂಬಗಳ ನಡುವಿನ ಜಾಗವನ್ನು ಅಂಕಣವೆಂದು ಎಣಿಸಿ ‘ಇಷ್ಟಂಕಣದ ಮನೆ’ ಅನ್ನುವ ಮಲೆನಾಡಿನವರಿಗೆ ಅದು ಸೆಕ್ಷನ್ನಿಗೆ ಚೆನ್ನಾಗಿಯೇ ಕೂರುತ್ತದೆ. ಆದರೆ ಇದೇ ಕೈಪಿಡಿಯಲ್ಲಿ ಕಾಲಂ ಆಯ್ದು ಕೊಡುವ ‘ಕಟ್’, ‘ಆಕ್’ ಆಜ್ಞೆಗಳ ಪಾಠಗಳಲ್ಲಿ ಕಾಲಂಗೂ ಅಂಕಣವೇ ಬರಬೇಕು. ಒಂದೇ ಪುಸ್ತಕದಲ್ಲಿ ಒಂದೇ ಪದ ಅಡ್ಡಕ್ಕೂ ಉದ್ದಕ್ಕೂ ಬೇಡ, ‘ವಿಭಾಗ’ ಸಾಕು.

ಇನ್ನು ಆಗಿಯಸ್, ಸೆಟ್ಟಿಂಗ್ ಕಡತಗಳನ್ನು ಮರದ ರೂಪದಲ್ಲಿ ಓದಿ ತಿದ್ದುವ ಇನ್ನೊಂದು ಸಾಧನ. ಅದರ ‘ಆಗ್‌ಟೂಲ್’ನಲ್ಲೂ ‘ಸೆಟ್’ ಇದೆ, ಆದರೆ ಅದು ಮುಟ್ಟುವುದು ಮೆಮೊರಿಯಲ್ಲಿರುವ ಮರವನ್ನು. ‘ಸೇವ್’ ಕೊಡುವವರೆಗೆ ಡಿಸ್ಕಿನ ಕಡತ ಹಾಗೇ ಇರುತ್ತದೆ. ಅಲ್ಲಿಯೂ ‘ನಮೂದಿಸು’ ನಡೆಯುತ್ತದೆ, ಪಕ್ಕದಲ್ಲೇ ‘ನಂತರ ಉಳಿಸು’ ಎಂದು ಬರೆದರೆ.