ಹಳೆಯ ಸ್ಪ್ಯಾನಿಷ್ ಪತ್ರಿಕೆಯ ಧಾರಾವಾಹಿಯನ್ನು ಪುಸ್ತಕ ಮಾಡುವುದು: ಪ್ರೊ. ಕನೆಲೋಸ್ ಹಾಕಿಕೊಟ್ಟ ದಾರಿ

ಅಚ್ಚುಮೊಳೆ:
ಪ್ರೊ. ನಿಕೋಲಾಸ್ ಕನೆಲೋಸ್ 1973ರಲ್ಲಿ ಲೂಯಿಸ್ ದಾವಿಲಾ ಜೊತೆ ಅಮೆರಿಕದ ಇಂಡಿಯಾನಾದಲ್ಲಿ ‘ರೆವಿಸ್ತಾ ಚಿಕಾನೊ-ರಿಕೆನ್ಯಾ’ ಪತ್ರಿಕೆ ಆರಂಭಿಸಿದರು. 1979ರಲ್ಲಿ ‘ಆರ್ತೆ ಪೂಬ್ಲಿಕೊ’ ಪ್ರಕಾಶನ ಹುಟ್ಟಿತು, ಮರುವರ್ಷ ಹ್ಯೂಸ್ಟನ್ ವಿಶ್ವವಿದ್ಯಾಲಯ ಸೇರಿತು. ಮರೆತುಹೋದ ಕೃತಿಗಳನ್ನು ಹುಡುಕಿ ತೆಗೆಯುವ ಅವರ ಯೋಜನೆಯ ರೀತಿಯಲ್ಲೇ, ಟೆಕ್ಸಸ್‌ನ ಸ್ಪ್ಯಾನಿಷ್ ದಿನಪತ್ರಿಕೆಯಲ್ಲಿ 1920ರ ದಶಕದಲ್ಲಿ ಬಂದ ಧಾರಾವಾಹಿಯನ್ನು ಪುಸ್ತಕ ಮಾಡಬೇಕೆಂದರೆ ಎಲ್ಲಿಂದ ತೊಡಗಬೇಕು?

ಕಡತ:
ಸಂಚಿಕೆಗಳ ಲೆಕ್ಕದಿಂದ. ಕನೆಲೋಸ್ ಮತ್ತು ಹೆಲ್ವೆಶಿಯಾ ಮಾರ್ಟೆಲ್ 2000ದಲ್ಲಿ ತಂದ ಗ್ರಂಥಸೂಚಿ 1960ರವರೆಗಿನ ಅಮೆರಿಕದ ಹಿಸ್ಪ್ಯಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದವರ) ಪತ್ರಿಕೆಗಳನ್ನು ಒಂದೆಡೆ ಕೊಡುತ್ತದೆ; ಮೊದಲು ಅದನ್ನು ನೋಡಿ. ಆಮೇಲೆ ಕಂತಿನ ಸಂಖ್ಯೆ, ದಿನಾಂಕ, ಪುಟ, ಕಾಲಂ ಇಷ್ಟನ್ನೂ ಒಂದು ಕೋಷ್ಟಕದಲ್ಲಿ ತುಂಬುತ್ತಾ ಹೋಗಿ. ಅಚ್ಚಾದ ಕಂತಿನ ಸಂಖ್ಯೆಯನ್ನು ನಂಬಬೇಡಿ, ಎಷ್ಟೋ ಸಲ ಅದೇ ತಪ್ಪಿರುತ್ತದೆ. ಹಿಂದಿನ ಕಂತಿನ ಕೊನೆಯ ವಾಕ್ಯವೂ ಮುಂದಿನದರ ಮೊದಲ ವಾಕ್ಯವೂ ಕೂಡುತ್ತವೆಯೇ ನೋಡಿ.

ಬೈಂಡ್ ಮಾಡಿದ ಸಂಪುಟದಿಂದ ತೆಗೆದ ಮೈಕ್ರೋಫಿಲ್ಮಿನಲ್ಲಿ (ಪುಟಗಳನ್ನು ಕಿರಿದಾಗಿಸಿ ಸೆರೆಹಿಡಿದ ಫಿಲ್ಮ್ ಸುರುಳಿ) ಒಳ ಅಂಚಿನ ಅಕ್ಷರಗಳು ಮಡಿಕೆಗೆ ಸಿಕ್ಕಿಹೋಗಿರುತ್ತವೆ. ಹಾಗಾಗಿ ಇನ್ನೊಂದು ಗ್ರಂಥಾಲಯದ ಪ್ರತಿ ಬೇಕೇ ಬೇಕು. ಎಲ್ಲೂ ಸಿಗದ ಸಾಲನ್ನು ಚೌಕ ಕಂಸದಲ್ಲಿ ‘ಲುಪ್ತ’ ಎಂದೇ ತೋರಿಸಿ. ಊಹಿಸಿ ತುಂಬಿದ ವಾಕ್ಯ ಒಮ್ಮೆ ಅಚ್ಚಾದರೆ ಮುಂದಿನವರೆಲ್ಲ ಅದನ್ನೇ ಲೇಖಕರದ್ದೆಂದು ಉಲ್ಲೇಖಿಸುತ್ತಾರೆ. ಅದು ಲೇಖಕರಿಗೇ ಮಾಡುವ ಅನ್ಯಾಯ.

ಕರಡು_ತಿದ್ದುವವ:
ಯಂತ್ರದಿಂದ ಅಕ್ಷರ ಗುರುತಿಸಿದ ಪಠ್ಯವನ್ನು ಚಿತ್ರದ ಪಕ್ಕದಲ್ಲಿಟ್ಟು ಇಬ್ಬರು ಓದಬೇಕು, ಒಬ್ಬರು ಗಟ್ಟಿಯಾಗಿ. ಸವೆದ ಅಚ್ಚಿನಲ್ಲಿ ಸ್ಪ್ಯಾನಿಷ್ ಒತ್ತುಗುರುತುಗಳೇ (ಸ್ವರಾಕ್ಷರದ ಮೇಲಿನ ಸಣ್ಣ ಗೆರೆ) ಮೊದಲು ಕಾಣೆಯಾಗುವುದು, ಅವು ಹೋದರೆ ಕ್ರಿಯಾಪದದ ಕಾಲವೂ ಪುರುಷವೂ ಬದಲಾಗಿಬಿಡುತ್ತವೆ. ಕಾಗುಣಿತದ ತಪ್ಪು ತಿದ್ದಿ, ಆದರೆ ಅಮೆರಿಕ-ಮೆಕ್ಸಿಕೊ ಗಡಿನಾಡಿನ ಆಡುನುಡಿಯನ್ನೂ ಇಂಗ್ಲಿಷ್ ಬೆರೆತ ಪದಗಳನ್ನೂ ಮುಟ್ಟಬೇಡಿ.

ಕೃತಿಸ್ವಾಮ್ಯದ ಹಕ್ಕಿನ ವಿಚಾರ: ಅಮೆರಿಕದಲ್ಲೇ ಮೊದಲು ಪ್ರಕಟವಾಗಿದ್ದು 95 ವರ್ಷ ದಾಟಿದ್ದರೆ ತೊಂದರೆಯಿಲ್ಲ. ಆದರೆ ಈ ಪತ್ರಿಕೆಗಳು ಮೆಕ್ಸಿಕೊ, ಸ್ಪೇನ್‌ಗಳ ಬರಹಗಳನ್ನೂ ಎತ್ತಿ ಮರುಮುದ್ರಿಸುತ್ತಿದ್ದವು. ಕೃತಿ ಮೊದಲು ಎಲ್ಲಿ ಬಂತೆಂದು ನೋಡದಿದ್ದರೆ ‘ಅಮೆರಿಕದ ಹಿಸ್ಪ್ಯಾನಿಕ್ ಕೃತಿ’ ಎಂಬ ಹೆಸರೇ ಸುಳ್ಳಾದೀತು.

ಪಠ್ಯಪಟ್ಟಿ:
ಪ್ರಸ್ತಾವನೆಗೆ ಜಿಪುಣತನ ಬೇಡ. ಮರಿಯಾ ಅಂಪಾರೊ ರುಯಿಸ್ ದೆ ಬರ್ಟನ್ ಅವರ 1885ರ ಕಾದಂಬರಿಯನ್ನು ಆರ್ತೆ ಪೂಬ್ಲಿಕೊ 1992ರಲ್ಲಿ ಮರಳಿ ತಂದಾಗ ರೊಸೌರಾ ಸಾಂಚೆಸ್, ಬೀಟ್ರಿಸ್ ಪೀಟಾ ಇಬ್ಬರೂ ಸೇರಿ ಸಂಪಾದಿಸಿ, ಭೂಮಿ ಕಳೆದುಕೊಂಡ ಮೆಕ್ಸಿಕನ್ ಮೂಲದ ಕ್ಯಾಲಿಫೋರ್ನಿಯಾದವರ ಹಿನ್ನೆಲೆಯನ್ನು ವಿವರಿಸಿದರು. ಇಂಥ ಪುಸ್ತಕ ತರಗತಿಗೆ ಹೋಗುತ್ತದೆ. ತರಗತಿಗೆ ಹೋದರೆ ಪ್ರತಿವರ್ಷ ಬೇಡಿಕೆ ಇರುತ್ತದೆ, ಮರುಮುದ್ರಣವೂ ಆಗುತ್ತದೆ. ಅಂಗಡಿ ಮಾರಾಟವನ್ನೇ ನೆಚ್ಚಿದರೆ ಒಂದೇ ಮುದ್ರಣಕ್ಕೆ ಮುಗಿಯುತ್ತದೆ.

ಅಚ್ಚುಮೊಳೆ:
ಲೇಖಕರ ಕಾವ್ಯನಾಮ ಮಾತ್ರ ಇದ್ದರೆ?

ಕಡತ:
ಅದೇ ಪತ್ರಿಕೆಯ ಜಾಹೀರಾತುಗಳನ್ನು ಹುಡುಕಿ. ಪತ್ರಿಕೆಯವರೇ ಪುಸ್ತಕವನ್ನೂ ಮಾರುತ್ತಿದ್ದರೆ ನಿಜನಾಮ ಅಲ್ಲಿ ಸಿಗಬಹುದು. ಮರಣವಾರ್ತೆಗಳನ್ನೂ ಬಿಡಬೇಡಿ. ಬರೀ ಶೈಲಿಯ ಹೋಲಿಕೆ ಸಿಕ್ಕರೆ ಅದನ್ನು ಟಿಪ್ಪಣಿಯಲ್ಲಿಡಿ, ಮುಖಪುಟದಲ್ಲಿ ಕಾವ್ಯನಾಮವೇ ಇರಲಿ.